112 ಅಂತ ಬಂತು, ನಾನೇ ಅಳೆದು ನೋಡಿದೆ

ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಕಾರಿಗೆ ವೇಗದ ಮಿತಿ ಗಂಟೆಗೆ 100 ಕಿಲೋಮೀಟರ್. ನನ್ನ ಚಲನ್‌ನಲ್ಲಿ 112 ಇತ್ತು, ದಂಡ 1,000 ರೂಪಾಯಿ. "ಸಾಧ್ಯವೇ ಇಲ್ಲ, ಮುಳ್ಳು ನೂರರಲ್ಲೇ ಇತ್ತು" ಅಂದೆ. ಹೆಂಡತಿ ಸುಮ್ನೆ ನಕ್ಕಳು. ಅದಕ್ಕೇ ನನಗೆ ಹಟ ಬಂತು.

ಮೊದಲು ಎರಡು ಟೋಲ್‌ಗಳ ಫಾಸ್ಟ್ಯಾಗ್ ಮೆಸೇಜ್ ತೆಗೆದು, ನಡುವಿನ ದೂರವನ್ನು ಸಮಯದಿಂದ ಭಾಗಿಸಿದೆ. ಸರಾಸರಿ 84! ಐದು ನಿಮಿಷ ಖುಷಿಪಟ್ಟೆ. ಆಮೇಲೆ ದಾರಿಯಲ್ಲಿ ಕಾಫಿಗೆ ನಿಂತದ್ದು ನೆನಪಾಯಿತು. ಪೊಲೀಸರು ವೇಗ ಅಳೆಯುವ ಗನ್ ಹಿಡಿಯುವುದು ಒಂದು ಕ್ಷಣದ ವೇಗ. ಅದಕ್ಕೆ ಸರಾಸರಿ ಉತ್ತರವಾಗುವುದಿಲ್ಲ.

ಚಲನ್‌ನ ಫೋಟೊ ದೊಡ್ಡದು ಮಾಡಿ ನೋಡಿದೆ. ರಸ್ತೆ ಬದಿ ನಿಂತು ಹಿಡಿದ ಲೇಸರ್ ಗನ್. ಗುರಿಯ ಗುರುತು ನನ್ನ ನಂಬರ್ ಪ್ಲೇಟಿನ ಮೇಲೇ ಇತ್ತು, ದೂರ 180 ಮೀಟರ್. ಲೇಸರ್ ಗನ್ ಒಂದರ ಹಿಂದೆ ಒಂದು ಬೆಳಕಿನ ಮಿಡಿತ ಬಿಡುತ್ತದೆ. ಅವು ಹೋಗಿ ಬರುವ ಸಮಯ ಹೇಗೆ ಕಡಿಮೆಯಾಗುತ್ತಾ ಬಂತು ಅನ್ನುವುದರಿಂದ ವೇಗ ಲೆಕ್ಕ ಹಾಕುತ್ತದೆ. ಅಷ್ಟು ದೂರದಲ್ಲಿ ಕಿರಣದ ಅಗಲ ಸುಮಾರು ಅರ್ಧ ಮೀಟರ್ ಮಾತ್ರ. ಕಿರಣ ಅಗಲವಾಗಿ ಹರಡುವ ರೇಡಾರ್ ಆಗಿದ್ದರೆ ತಪ್ಪನ್ನು ಪಕ್ಕದ ಲೇನಿನ ಕಾರಿನ ಮೇಲೆ ಹಾಕಬಹುದಿತ್ತು. ಇಲ್ಲಿ ಆ ದಾರಿ ಮುಚ್ಚಿತು.

"ಓರೆಯಿಂದ ಹಿಡಿದಿದ್ದಾರೆ, ತಪ್ಪು ಬಂದಿರುತ್ತೆ" ಅಂದ ಗೆಳೆಯ. ತಪ್ಪು ಬರುತ್ತದೆ, ನಿಜ. ಆದರೆ ನಿಂತಲ್ಲಿಂದ ಓರೆಯಾಗಿ ಅಳೆದರೆ ವೇಗ ಕಡಿಮೆಯೇ ತೋರುತ್ತದೆ. 10 ಡಿಗ್ರಿ ಓರೆಯಿದ್ದರೆ ನೂರಕ್ಕೆ ಒಂದೂವರೆಯಷ್ಟು ಕಡಿಮೆ. ಅಂದರೆ ಓರೆ ನನ್ನ ಪರವಾಗಿಯೇ ಇತ್ತು.

ಉಳಿದದ್ದು ಡ್ಯಾಶ್‌ಕ್ಯಾಮ್. ಮೆಮೊರಿ ಕಾರ್ಡ್ ತುಂಬಿದರೆ ಅದು ಹಳೆಯ ವಿಡಿಯೊ ಅಳಿಸಿಬಿಡುತ್ತದೆ. ಮೆಸೇಜ್ ಬೇಗ ಬಂದದ್ದರಿಂದ ನನಗೆ ಸಿಕ್ಕಿತು. ಚಲನ್ ಕೈಸೇರಿದ ದಿನವೇ ಅದನ್ನು ಲ್ಯಾಪ್‌ಟಾಪಿಗೆ ಹಾಕಿಕೊಳ್ಳಿ. ಫೋಟೊದಲ್ಲಿ ಕಂಡ ಜಾಗದ ಹತ್ತಿರ ಒಂದು ಮೇಲ್ಸೇತುವೆ, ಅದರಾಚೆ ಹಸಿರು ಬೋರ್ಡ್ ಇತ್ತು. ಗೂಗಲ್ ಮ್ಯಾಪ್ಸ್‌ನ ಉಪಗ್ರಹ ಚಿತ್ರದಲ್ಲಿ ಅಳೆದರೆ ನಡುವೆ 310 ಮೀಟರ್. ನನ್ನ ಕ್ಯಾಮೆರಾದಲ್ಲಿ ಸೆಕೆಂಡಿಗೆ 30 ಫ್ರೇಮ್. ಒಂದೊಂದೇ ಫ್ರೇಮ್ ಸರಿಸುತ್ತಾ ಎಣಿಸಿದೆ, 297 ಬಂತು. ಅಂದರೆ 9.9 ಸೆಕೆಂಡ್. 310 ಅನ್ನು 9.9ರಿಂದ ಭಾಗಿಸಿ 3.6ರಿಂದ ಗುಣಿಸಿದೆ. 112.7.

ಮತ್ತೆ ಎಣಿಸಿದೆ. ಅಷ್ಟೇ. ಮ್ಯಾಪಿನಲ್ಲಿ ಮೂರು ಮೀಟರ್ ಆಚೀಚೆ ಆಗಿದ್ದರೂ ಸುಮಾರು ಒಂದು ಕಿಲೋಮೀಟರ್ ವ್ಯತ್ಯಾಸ, ಅಷ್ಟೇ. ಕಾರಿನ ಮೀಟರಂತೂ ನಿಜವಾದ ವೇಗಕ್ಕಿಂತ ಕಡಿಮೆ ತೋರಬಾರದು ಅಂತ ನಿಯಮವೇ ಇದೆ. ಹಾಗಾಗಿ ಆ ಹೊತ್ತಿನಲ್ಲಿ ಮುಳ್ಳು ನೂರರಲ್ಲಿ ಇರಲೇ ಇಲ್ಲ. ಇದ್ದದ್ದು ಅದಕ್ಕೂ ಮೊದಲು. ವಿಡಿಯೊದಲ್ಲಿ ಎಡಕ್ಕೆ ಒಂದು ಲಾರಿ ಹಿಂದೆ ಸರಿಯುತ್ತದೆ. ಅದನ್ನು ದಾಟಲು ಕಾಲು ಒತ್ತಿದ್ದು ನನಗೆ ಮರೆತೇ ಹೋಗಿತ್ತು.

ಇನ್ನೊಂದು ದಾರಿ ಇತ್ತು. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2021ರಲ್ಲಿ ಸೇರಿದ 167ಎ ಪ್ರಕಾರ ಇಂಥ ಸಾಧನಕ್ಕೆ ಅನುಮೋದನೆಯ ಸರ್ಟಿಫಿಕೇಟ್ ಬೇಕು, ಅದನ್ನು ವರ್ಷ ವರ್ಷ ನವೀಕರಿಸಬೇಕು. ನನ್ನ ಲೆಕ್ಕವೇ ಗನ್ನಿನ ಜೊತೆ ಕೂತ ಮೇಲೆ ಅದನ್ನು ಕೇಳುವ ಮನಸ್ಸಾಗಲಿಲ್ಲ. ಎರಡು ಲೆಕ್ಕವೂ ಬೇರೆ ಬೇರೆ ಬಂದಿದ್ದರೆ ಮೊದಲು ಕೇಳುತ್ತಿದ್ದದ್ದು ಅದನ್ನೇ.

ದುಡ್ಡು ಕಟ್ಟಿ, ವಿಡಿಯೊ ಇನ್ನೊಮ್ಮೆ ಹಾಕಿದೆ. ಈ ಸಲ ದನಿ ಸಮೇತ. ಲಾರಿಯ ಪಕ್ಕ ಬರುವಾಗ ಹಿಂದಿನ ಸೀಟಿನಿಂದ ಸ್ಪಷ್ಟವಾಗಿ ಕೇಳುತ್ತದೆ: "ರೀ, ಸ್ವಲ್ಪ ಮೆಲ್ಲಗೆ."