ಎರೆ ಹೊಲದಲ್ಲಿ ಹ್ಯಾಮ್ ಟವರ್ ನಿಲ್ಲಿಸುವುದು ಹೇಗೆ?

ಹ್ಯಾಮ್ ಅಂದರೆ ಹವ್ಯಾಸಕ್ಕೆ ರೇಡಿಯೋ ಕೇಂದ್ರ ನಡೆಸುವವರು. ಕೊಪ್ಪಳದ ಹತ್ತಿರ ನಮ್ಮ ಹೊಲದಲ್ಲಿ ಮೊದಲ ಸಲ ಆಂಟೆನಾ ಕಂಬ ನಿಲ್ಲಿಸಿದ್ದು ಒಂದು ಏಪ್ರಿಲ್‌ನಲ್ಲಿ. ನೆಲ ಕಲ್ಲಿನಂತಿತ್ತು. ಮೂರು ಕಬ್ಬಿಣದ ಗೂಟ ಬಡಿಯುವಷ್ಟರಲ್ಲಿ ಅಂಗೈಯಲ್ಲಿ ಬೊಬ್ಬೆ ಎದ್ದವು. ಇನ್ನು ಇದು ಅಲುಗಾಡಲ್ಲ ಅಂದುಕೊಂಡೆ. ಮಿರಗದ ಮಳೆ ಎರಡು ಸಲ ಬಿತ್ತು ನೋಡಿ, ಅದೇ ಗೂಟ ಒಂದೇ ಕೈಗೆ ಕಿತ್ತು ಬಂತು. ಕಂಬ ಬೇವಿನ ಮರಕ್ಕೆ ಒರಗಿ ನಿಂತಿತ್ತು. ಆ ಮರ ಇಲ್ಲದಿದ್ದರೆ ದನದ ಕೊಟ್ಟಿಗೆ ಮೇಲೇ ಬೀಳುತ್ತಿತ್ತು.

ಎರೆಮಣ್ಣಿನ ಗುಣವೇ ಅದು. ಬೇಸಿಗೆಯಲ್ಲಿ ಕುಗ್ಗಿ ಬಿರುಕು ಬಿಡುತ್ತದೆ, ಮಳೆಗೆ ಉಬ್ಬಿ ಮೆತ್ತಗಾಗುತ್ತದೆ. ರಾಯಚೂರು, ಸಿಂಧನೂರು ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮೊದಲು ಜಾಗ

ಹ್ಯಾಮ್ ಲೈಸೆನ್ಸ್ ಕೈಯಲ್ಲಿದೆ ಅಂತಲೇ ಇಟ್ಟುಕೊಳ್ಳೋಣ. ತೋರಣಗಲ್ಲಿನ ವಿಮಾನ ನಿಲ್ದಾಣದ ಆಸುಪಾಸಿನವರು ಎತ್ತರದ ಅನುಮತಿ ಬೇಕೇ ಎಂದು ಮೊದಲೇ ವಿಚಾರಿಸಿ. ಉಳಿದವರು ತಲೆ ಎತ್ತಿ ಜೆಸ್ಕಾಂ ಲೈನ್ ಎಲ್ಲಿದೆ ನೋಡಿ. ಟವರ್ ಯಾವ ದಿಕ್ಕಿಗೆ ಬಿದ್ದರೂ, ಅದರ ತುದಿಯಾಗಲಿ ಆಂಟೆನಾ ತಂತಿಯಾಗಲಿ ಕರೆಂಟ್ ತಂತಿಯನ್ನು ಮುಟ್ಟಬಾರದು. ಇದರಲ್ಲಿ ಮಾತ್ರ ರಾಜಿ ಬೇಡ.

ನಾನು ಹೇಳುತ್ತಿರುವುದು 12 ಮೀಟರ್ ಎತ್ತರದ, ತುದಿಗೆ ತಂತಿ ಆಂಟೆನಾ ಕಟ್ಟುವ ಹಗುರ ಟವರ್ ಬಗ್ಗೆ. 7.1 ಮೆಗಾಹರ್ಟ್ಸ್ ಡೈಪೋಲ್‌ಗೆ, ಅಂದರೆ ನಡುವೆ ಕೇಬಲ್ ಸೇರುವ ಎರಡು ತೋಳಿನ ತಂತಿ ಆಂಟೆನಾಕ್ಕೆ, ಸುಮಾರು 20 ಮೀಟರ್ ತಂತಿ ಬೇಕು, ಅದರ ತೂಕ ಏನೂ ಅಲ್ಲ. ಒಂದೇ ದಿಕ್ಕಿಗೆ ಗುರಿಯಿಡುವ ದೊಡ್ಡ ಬೀಮ್ ಆಂಟೆನಾ ಕೂರಿಸುವ ಆಸೆ ಇದ್ದರೆ ಸ್ಟ್ರಕ್ಚರಲ್ ಎಂಜಿನಿಯರ್ ಹತ್ತಿರ ಹೋಗಿ. ಗಾಳಿಯ ವೇಗ ಎರಡು ಪಟ್ಟಾದರೆ ಅದರ ಒತ್ತಡ ನಾಲ್ಕು ಪಟ್ಟಾಗುತ್ತದೆ. ಅಲ್ಲಿ ಅಂದಾಜು ನಡೆಯಲ್ಲ.

ಹಗ್ಗ, ಸುಣ್ಣ, ಟೇಪು

ಕಂಬ ಬೀಳದಂತೆ ಸುತ್ತಲೂ ಎಳೆದು ಕಟ್ಟುವ, ಲೈನ್‌ಮನ್‌ಗಳು ಸ್ಟೇ ಅನ್ನುವ ತಂತಿಗೆ ಹ್ಯಾಮ್‌ಗಳು ಗೈ ಅನ್ನುತ್ತಾರೆ. ಗೈ ಕಟ್ಟುವ ಗುಂಡಿಗಳು ಬುಡದಿಂದ ಟವರ್ ಎತ್ತರದ ಮುಕ್ಕಾಲು ಪಾಲು ದೂರ ಇದ್ದರೆ ಚೆಂದ. ನಮ್ಮ 12 ಮೀಟರ್‌ಗೆ 9 ಮೀಟರ್. ಆಗ ತುದಿಯಿಂದ ಇಳಿಯುವ ತಂತಿ ಸರಿಯಾಗಿ 15 ಮೀಟರ್ ಆಗುತ್ತದೆ, ಕಟ್ಟಿನ ಮಡಿಕೆಗೆ ಬೇರೆ ಸೇರಿಸಿಕೊಳ್ಳಿ. ನಡುವೆ 6 ಮೀಟರ್ ಎತ್ತರದಲ್ಲೂ ಒಂದು ಸುತ್ತು ಗೈ ಹಾಕಿ.

ನಡುವೆ ಒಂದು ಗೂಟ, ಅದಕ್ಕೆ 9 ಮೀಟರ್ ಹಗ್ಗ, ಸುಣ್ಣದ ಪುಡಿಯಲ್ಲಿ ಒಂದು ವೃತ್ತ. ಆ ವೃತ್ತದ ಮೇಲೆ ಮೂರು ಗುರುತು. ಒಂದು ಗುರುತಿನಿಂದ ಇನ್ನೊಂದಕ್ಕೆ ಟೇಪು ಹಿಡಿದರೆ 15.6 ಮೀಟರ್ ಬರಬೇಕು. ಮೂರೂ ಕಡೆ ಅಷ್ಟೇ ಬಂದರೆ ಕೋನ ಸರಿ ಇದೆ, ಬೇರೆ ಲೆಕ್ಕ ಬೇಡ.

ಗುಂಡಿ

ಬಿರುಗಾಳಿಯಲ್ಲಿ ಒಂದು ಗುಂಡಿಯ ಮೇಲೆ 500 ಕೆಜಿ ಎಳೆತ ಬಿತ್ತು ಅಂದುಕೊಳ್ಳಿ. ತುದಿಯ ಗೈ ಇಳಿಯುವ ಓರೆಗೆ ಅದರಲ್ಲಿ 400 ಕೆಜಿಯಷ್ಟು ಮೇಲಕ್ಕೆ, 300 ಕೆಜಿಯಷ್ಟು ಟವರ್ ಕಡೆಗೆ. ಕಾಂಕ್ರೀಟು ಒಂದು ಘನ ಮೀಟರ್‌ಗೆ ಸುಮಾರು 2,400 ಕೆಜಿ ತೂಗುತ್ತದೆ. 75 ಸೆಂ.ಮೀ. ಉದ್ದ-ಅಗಲ, 60 ಸೆಂ.ಮೀ. ದಪ್ಪದ ದಿಮ್ಮಿ ಹಾಕಿದರೆ 800 ಕೆಜಿ ಆಯಿತು. ಮೇಲಿನ ಮಣ್ಣನ್ನು ನಾನು ಲೆಕ್ಕಕ್ಕೇ ಹಿಡಿಯಲ್ಲ. ಎರೆಮಣ್ಣನ್ನು ನಂಬಿ ಒಮ್ಮೆ ಕೆಟ್ಟಿದ್ದೇನಲ್ವಾ?

ಗುಂಡಿ 4 ಅಡಿ ಆಳ ಇರಲಿ. ದಿಮ್ಮಿ ತಳದಲ್ಲಿ ಕೂರಲಿ. ಗೈ ಕಟ್ಟುವ ಆಂಕರ್ ರಾಡಿನ ಕೆಳತುದಿ ಬಗ್ಗಿಸಿ ಒಳಗಿನ ಸರಳುಗಳಿಗೆ ಸಿಕ್ಕಿಸಿ, ಮೇಲ್ತುದಿಯನ್ನು ಗೈ ಬರುವ ಓರೆಗೇ ಇಡಿ. ರಾಡು ಸಾಮಾನ್ಯವಾಗಿ ತುಕ್ಕು ಹಿಡಿದು ಸವೆಯುವುದು ನೆಲದ ಮಟ್ಟದಲ್ಲಿ, ಕಣ್ಣಿಗೆ ಬೀಳದ ಜಾಗದಲ್ಲಿ. ಅದಕ್ಕೇ ಕಾಂಕ್ರೀಟಿನ ಕುತ್ತಿಗೆಯನ್ನು ನೆಲಕ್ಕಿಂತ ಒಂದು ಗೇಣು ಮೇಲೆ ತನ್ನಿ. ಗುಂಡಿ ಮುಚ್ಚಲು ಅಗೆದ ಎರೆಮಣ್ಣು ಬೇಡ, ಗರಸು ತರಿಸಿ ಪದರು ಪದರಾಗಿ ಬಡಿಯಿರಿ. ನಮ್ಮ ಬಿಸಿಲಿಗೆ ಕಾಂಕ್ರೀಟು ಬೇಗ ಒಣಗಿ ಸೀಳುತ್ತದೆ. ಗೋಣಿಚೀಲ ಹೊದಿಸಿ ನೀರು ಹಾಕುತ್ತಿರಿ. 28 ದಿನ ಆಗುವ ತನಕ ತಂತಿ ಬಿಗಿಯುವ ಮಾತು ಬೇಡ.

ಬಂಡೆ ನೆಲದವರಿಗೆ ಕೆಲಸ ಹಗುರ: ಕಲ್ಲು ಕೊರೆದು ರಾಡು ಕೂರಿಸಿದರಾಯಿತು. ಆದರೆ ಮೊದಲು ಸುತ್ತಿಗೆಯಲ್ಲಿ ಬಡಿದು ನೋಡಿ. ಟೊಳ್ಳು ಸದ್ದು ಬಂದರೆ ಮೇಲೆ ಪದರು ಎದ್ದಿದೆ ಅಂತ ಅರ್ಥ. ಅಲ್ಲಿ ಬೇಡ.

ಎತ್ತುವುದು, ಬಿಗಿಯುವುದು

ಗಾಳಿ ಏಳುವ ಮೊದಲೇ, ಬೆಳಿಗ್ಗೆ ಎತ್ತಿ. ಹೇಳುವವರು ಒಬ್ಬರೇ ಇರಲಿ. ಬುಡದ ಹತ್ತಿರ ಮಕ್ಕಳನ್ನು ಬಿಡಬೇಡಿ.

ಗೈ ತಂತಿಯ ತುದಿ ಮಡಿಚಿ ಕ್ಲಾಂಪ್ ಹಾಕುವಾಗ ಒಂದು ತಪ್ಪು ತುಂಬಾ ಜನ ಮಾಡುತ್ತಾರೆ. ಯು-ಬೋಲ್ಟಿನ ಬಾಗು ತಂತಿಯ ಮಡಿಚಿದ ತುಂಡು ತುದಿಯ ಮೇಲೆ ಕೂರಬೇಕು, ಭಾರ ಹೊರುವ ತಂತಿಗೆ ಅಗಲದ ತಳ ತಾಗಬೇಕು. ತಿರುವುಮುರುವಾದರೆ ಬಾಗು ಭಾರದ ತಂತಿಯನ್ನೇ ಕಚ್ಚಿ ಹಾಳು ಮಾಡುತ್ತದೆ. ಒಂದೊಂದು ತುದಿಗೆ ಮೂರು ಕ್ಲಾಂಪ್.

ಒಂದೊಂದು ಸುತ್ತಿನ ಮೂರೂ ಗೈಗಳನ್ನು ಸರದಿಯಂತೆ ಸ್ವಲ್ಪ ಸ್ವಲ್ಪ ಬಿಗಿಯಿರಿ, ಮೇಸ್ತ್ರಿಯ ತೂಗುಗುಂಡು ಹಿಡಿದು ನೆಟ್ಟಗಿದೆಯಾ ನೋಡುತ್ತಿರಿ. ತಂತಿ ಹರಿಯುವ ಭಾರದ ಹತ್ತನೇ ಒಂದು ಪಾಲು ಬಿಗಿತ ಸಾಕು. ತಂತಿ ಬಿಗಿಯುವ ತಿರುಪು, ಅಂದರೆ ಟರ್ನ್‌ಬಕಲ್, ತಾನಾಗಿ ಬಿಚ್ಚದಂತೆ ಅದರೊಳಗೆ ಒಂದು ತಂತಿ ಸುತ್ತಿ. ಬುಡದಿಂದ ಅರ್ಥಿಂಗ್ ಗುಂಡಿಗೆ ಜಿಐ (ಸತು ಲೇಪಿಸಿದ ಕಬ್ಬಿಣ) ಪಟ್ಟಿ ಎಳೆಯಿರಿ. ಗುಡುಗು ಕೇಳುವ ಮೊದಲೇ, ಮೋಡ ಕಟ್ಟುತ್ತಿದ್ದಂತೆ ರೇಡಿಯೋದ ಕೇಬಲ್ ಬಿಚ್ಚಿಡಿ.

ಪ್ರತಿ ವರ್ಷ ರೋಹಿಣಿ ಮಳೆಗೆ ಮುಂಚೆ ಒಂದು ಸಲ, ಮಳೆಗಾಲ ಮುಗಿದ ಮೇಲೆ ಇನ್ನೊಂದು ಸಲ ಬಿಗಿತ ನೋಡುತ್ತೇನೆ. ಗೈಗಳ ಕೆಳಗಿನ ಆರಡಿಗೆ ಬಿಳಿ ಪಿವಿಸಿ ಪೈಪು ತೊಡಿಸಿ ಕೆಂಪು ಪಟ್ಟೆ ಬಳಿದಿದ್ದೇನೆ, ಸಂಜೆಗತ್ತಲಲ್ಲಿ ಟ್ರ್ಯಾಕ್ಟರ್‌ನವರಿಗೆ ಕಾಣಲಿ ಅಂತ. ಟ್ರ್ಯಾಕ್ಟರ್ ಇಲ್ಲಿಯವರೆಗೆ ತಾಗಿಲ್ಲ. ಪಕ್ಕದ ಹೊಲದ ಎಮ್ಮೆ ಮಾತ್ರ ಪೂರ್ವದ ಪೈಪಿಗೇ ಬಂದು ಮೈ ಉಜ್ಜುತ್ತದೆ.