ಒಂದೇ ಇಂಟರ್ನೆಟ್ ಸಂಪರ್ಕದಲ್ಲಿ ಎರಡು ಗೇಮ್ ಕನ್ಸೋಲ್ ನಡೆಸುವ ಕ್ರಮ

ದಸರಾ ರಜೆಗೆ ಶಿವಮೊಗ್ಗದ ಅಕ್ಕನ ಮನೆಗೆ ಹೋದಾಗ ಅಲ್ಲಿನ ಇಬ್ಬರು ಹುಡುಗರ ನಡುವೆ ಪ್ರತಿ ಸಂಜೆಯೂ ಒಂದೇ ಜಗಳ ನಡೆಯುತ್ತಿತ್ತು. ಹಿರಿಯವನು ತನ್ನ ಎಕ್ಸ್‌ಬಾಕ್ಸ್‌ನಲ್ಲಿ ಆನ್‌ಲೈನ್ ಆಟಕ್ಕೆ ಸೇರಿಕೊಂಡನೆಂದರೆ ಕಿರಿಯವನ ಎಕ್ಸ್‌ಬಾಕ್ಸ್ ಆಟಕ್ಕೆ ಮುಂಚೆ ಕಾಯುವ ಪರದೆಯಾದ ಲಾಬಿಯಲ್ಲೇ ನಿಂತುಬಿಡುತ್ತಿತ್ತು. ಆಟ ಸಿಕ್ಕಿದರೂ ಗೆಳೆಯರ ದನಿ ಕೇಳಿಸುತ್ತಿರಲಿಲ್ಲ. ಭಾವ 100 ಎಂಬಿಪಿಎಸ್ ಪ್ಲಾನನ್ನು 300ಕ್ಕೆ ಏರಿಸಿದ್ದರು. ತಿಂಗಳ ಬಿಲ್ಲು ಏರಿತು, ಜಗಳ ಹಾಗೆಯೇ ಉಳಿಯಿತು. ಇದೇ ತಪ್ಪನ್ನು ಆಮೇಲೆ ಇನ್ನೂ ಮೂರು ಮನೆಗಳಲ್ಲಿ ಕಂಡಿದ್ದರಿಂದ ಈ ಲೇಖನ ಬರೆಯುತ್ತಿದ್ದೇನೆ. ಆಟ ನಡೆಯುವಾಗ ಒಂದು ಕನ್ಸೋಲ್ ಬಳಸುವ ವೇಗ ಸಾಮಾನ್ಯವಾಗಿ 1 ಎಂಬಿಪಿಎಸ್ ಕೂಡ ಆಗುವುದಿಲ್ಲ. ಹೀಗಿರುವಾಗ ಪ್ಲಾನ್ ಏರಿಸಿ ಪ್ರಯೋಜನವಿಲ್ಲ. ರೂಟರ್‌ನಲ್ಲಿ ಕನ್ಸೋಲ್‌ಗಳಿಗಾಗಿ ತೆರೆಯಬೇಕಾದ ಪೋರ್ಟ್ ಎಂಬ ಬಾಗಿಲುಗಳನ್ನು ಸರಿಪಡಿಸಬೇಕು.

ಮೊದಲು ವೈರ್ ಎಳೆಯಿರಿ. ಎರಡು ಕನ್ಸೋಲ್‌ಗಳಲ್ಲಿ ಒಂದಕ್ಕಾದರೂ, ಸಾಧ್ಯವಾದರೆ ಎರಡಕ್ಕೂ, ಲ್ಯಾನ್ ಕೇಬಲ್ ಇರಲೇಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಕ್ಯಾಟ್ 5ಇ ಅಥವಾ ಕ್ಯಾಟ್ 6 ಕೇಬಲ್ 100 ಮೀಟರ್‌ವರೆಗೆ ಗಿಗಾಬಿಟ್ ವೇಗ ಕೊಡುತ್ತದೆ, ನಮ್ಮ ಮನೆಗಳಿಗೆ ಅಷ್ಟು ಧಾರಾಳವಾಗಿ ಸಾಕು. ಕೊಳ್ಳುವಾಗ ಕೇಬಲ್ಲಿನ ಮೇಲಿನ ಅಕ್ಷರಗಳನ್ನು ಓದಿ. ಸಿಸಿಎ ಎಂದಿದ್ದರೆ ಅದು ತಾಮ್ರದ ಲೇಪ ಹಚ್ಚಿದ ಅಲ್ಯೂಮಿನಿಯಂ ತಂತಿ, ಮಡಿಸಿದ ಕಡೆ ಬೇಗ ತುಂಡಾಗುತ್ತದೆ, ಅದನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ. ವೈಫೈ ಅನಿವಾರ್ಯವಾದರೆ 5 ಗಿಗಾಹರ್ಟ್ಸ್ ಬ್ಯಾಂಡಿಗೆ ಸೇರಿಸಿ. 2013ರ ಮೊದಲ ಮಾದರಿಯ ಪ್ಲೇಸ್ಟೇಷನ್ 4ರಲ್ಲಿ 2.4 ಗಿಗಾಹರ್ಟ್ಸ್ ಮಾತ್ರ ಇರುವುದರಿಂದ ಅದಕ್ಕೆ ಕೇಬಲ್ ಬಿಟ್ಟು ಬೇರೆ ಒಳ್ಳೆಯ ದಾರಿಯಿಲ್ಲ. ಗೋಡೆಯ ಸಾಕೆಟ್ಟಿಗೆ ಸಿಕ್ಕಿಸುವ ಅಗ್ಗದ ವೈಫೈ ಬೂಸ್ಟರ್‌ಗಳು ಆಟದ ಮಟ್ಟಿಗೆ ತಡವನ್ನು ಹೆಚ್ಚಿಸುತ್ತವೆ, ಅವುಗಳಿಗೆ ಹಣ ಹಾಕಬೇಡಿ.

ಎರಡನೆಯದಾಗಿ, ಮನೆಯಲ್ಲಿ ಎಷ್ಟು ರೂಟರ್‌ಗಳು ಒಂದರ ಹಿಂದೊಂದು ಕೆಲಸ ಮಾಡುತ್ತಿವೆ ಎಂದು ನೋಡಿಕೊಳ್ಳಿ. ಫೈಬರ್ ಸಂಪರ್ಕ ಕೊಡುವವರು ಗೋಡೆಗೆ ಹಾಕಿ ಹೋಗುವ ಓಎನ್‌ಟಿ ಪೆಟ್ಟಿಗೆ ತಾನೇ ಒಂದು ರೂಟರ್ ಆಗಿರುತ್ತದೆ. ಅದರ ಮುಂದೆ ನಾವು ಕೊಂಡ ರೂಟರನ್ನೂ ಜೋಡಿಸಿದರೆ ವಿಳಾಸ ಬದಲಿಸುವ ನ್ಯಾಟ್ ಕೆಲಸ ಎರಡು ಸಲ ನಡೆಯುತ್ತದೆ. ಅಕ್ಕನ ಮನೆಯ ರೂಟರಿನ ಪುಟ ತೆರೆದಾಗ ವ್ಯಾನ್ ಐಪಿ ಎಂಬ ಸಾಲಿನಲ್ಲಿ 192.168.1.4 ಎಂದಿತ್ತು. ಹೊರ ಜಗತ್ತಿನ ಕಡೆಯ ವಿಳಾಸ ಇರಬೇಕಾದ ಜಾಗದಲ್ಲಿ ಮನೆಯೊಳಗಿನ ವಿಳಾಸ ಕಂಡರೆ ಮುಂದೆ ಇನ್ನೊಂದು ರೂಟರ್ ಕುಳಿತಿದೆ ಎಂದೇ ಅರ್ಥ. ಪರಿಹಾರ ಎರಡು ಬಗೆ. ಓಎನ್‌ಟಿ ರೂಟರ್ ಕೆಲಸ ಬಿಟ್ಟು ಸಂಪರ್ಕವನ್ನು ಮಾತ್ರ ದಾಟಿಸುವ ಬ್ರಿಡ್ಜ್ ಮೋಡ್‌ಗೆ ಅದನ್ನು ಹಾಕಿಸಿ, ಕಂಪನಿಯ ಜಾಲಕ್ಕೆ ಲಾಗಿನ್ ಆಗುವ ಪಿಪಿಪಿಒಇ ಬಳಕೆದಾರ ಹೆಸರು ಮತ್ತು ಪಾಸ್‌ವರ್ಡನ್ನು ನಮ್ಮ ರೂಟರಿಗೆ ಕೊಡುವುದು ಒಂದು. ನಮ್ಮ ರೂಟರನ್ನು ವೈಫೈ ಹರಡುವ ಕೆಲಸವಷ್ಟೇ ಮಾಡುವ ಆಕ್ಸೆಸ್ ಪಾಯಿಂಟ್ ಮೋಡ್‌ಗೆ ಇಳಿಸುವುದು ಇನ್ನೊಂದು. ನಾನು ಮೊದಲನೆಯದನ್ನೇ ಆರಿಸುತ್ತೇನೆ, ಏಕೆಂದರೆ ಓಎನ್‌ಟಿಯ ಕೆಲವು ಸೆಟ್ಟಿಂಗ್‌ಗಳಿಗೆ ಬಳಕೆದಾರರಿಗೆ ಪ್ರವೇಶವೇ ಇರುವುದಿಲ್ಲ. ಲ್ಯಾಂಡ್‌ಲೈನ್ ಫೋನ್ ಅದೇ ಪೆಟ್ಟಿಗೆಯಿಂದ ಬರುತ್ತಿದ್ದರೆ ಮಾತ್ರ ಬ್ರಿಡ್ಜ್ ಮಾಡಿಸುವ ಮೊದಲು ಕಂಪನಿಯವರನ್ನು ಕೇಳಿ, ಈಗಿರುವ ಸೆಟ್ಟಿಂಗ್ ಪುಟಗಳ ಫೋಟೊ ತೆಗೆದಿಟ್ಟುಕೊಳ್ಳಿ.

ಇಷ್ಟಾದ ಮೇಲೂ ವ್ಯಾನ್ ಐಪಿ 100.64ರಿಂದ 100.127ರವರೆಗಿನ ಅಂಕಿಗಳಿಂದ ಅಥವಾ 10ರಿಂದ ಶುರುವಾಗುತ್ತಿದ್ದರೆ ಕಂಪನಿಯೇ ಒಂದು ಸಾರ್ವಜನಿಕ ವಿಳಾಸವನ್ನು ಹಲವು ಮನೆಗಳಿಗೆ ಹಂಚಿದೆ ಎಂದು ತಿಳಿಯಿರಿ. ಹಳೆಯ ಐಪಿವಿ4 ಪದ್ಧತಿಯಲ್ಲಿ ಒಟ್ಟು ಇರುವುದೇ ಸುಮಾರು 429 ಕೋಟಿ ವಿಳಾಸಗಳಾದ್ದರಿಂದ ಈ ಹಂಚಿಕೆ ಬಂದಿದೆ. ಆಗ ಮನೆಯ ರೂಟರಿನಲ್ಲಿ ಏನು ಮಾಡಿದರೂ ಕಂಪನಿಯ ಕಡೆಯ ಬಾಗಿಲು ತೆರೆಯುವುದಿಲ್ಲ. ಸಾರ್ವಜನಿಕ ಐಪಿ ಕೇಳಿ ಪಡೆಯಬೇಕು, ಅದಕ್ಕೆ ಸಾಮಾನ್ಯವಾಗಿ ಬೇರೆ ಶುಲ್ಕ ಇರುತ್ತದೆ. ರೂಟರಿನಲ್ಲಿ ಹೊಸ ವಿಳಾಸ ಪದ್ಧತಿಯಾದ ಐಪಿವಿ6 ಆಫ್ ಆಗಿದ್ದರೆ ಅದನ್ನೂ ಚಾಲೂ ಮಾಡಿ, ಎಕ್ಸ್‌ಬಾಕ್ಸ್ ಅದನ್ನು ಚೆನ್ನಾಗಿ ಬಳಸಿಕೊಳ್ಳುತ್ತದೆ.

ಮೂರನೆಯದು ಸುಲಭ: ರೂಟರಿನ ಡಿಎಚ್‌ಸಿಪಿ ರಿಸರ್ವೇಶನ್ ಪುಟದಲ್ಲಿ ಒಂದು ಕನ್ಸೋಲಿಗೆ 192.168.1.50, ಇನ್ನೊಂದಕ್ಕೆ 192.168.1.51 ಎಂಬಂತೆ ಕಾಯಂ ವಿಳಾಸ ಕೊಟ್ಟುಬಿಡಿ.

ಇನ್ನು ಬಹುತೇಕರು ಎಡವುವ ಹಂತಕ್ಕೆ ಬರೋಣ. ಹೊರಗಿನ ಆಟಗಾರನ ಸಂದೇಶ ನಮ್ಮ ಮನೆಗೆ ಬರುವುದು ಒಂದು ಐಪಿ ವಿಳಾಸ ಮತ್ತು ಒಂದು ಪೋರ್ಟ್ ಸಂಖ್ಯೆಯ ಮೂಲಕ. ವಿಳಾಸ ಇಡೀ ಮನೆಗೆ ಒಂದೇ ಆದ್ದರಿಂದ, ಬಂದ ಸಂದೇಶವನ್ನು ಯಾವ ಕೋಣೆಯ ಯಾವ ಯಂತ್ರಕ್ಕೆ ಕೊಡಬೇಕು ಎಂಬುದನ್ನು ರೂಟರ್ ಪೋರ್ಟ್ ಸಂಖ್ಯೆ ನೋಡಿಯೇ ತೀರ್ಮಾನಿಸುತ್ತದೆ. ಎಕ್ಸ್‌ಬಾಕ್ಸ್ ರೂಢಿಯಾಗಿ ಕೇಳುವುದು ಯುಡಿಪಿ 3074ನೆಯ ಪೋರ್ಟನ್ನು. ಎರಡು ಎಕ್ಸ್‌ಬಾಕ್ಸ್‌ಗಳಿದ್ದರೆ ಎರಡೂ ಅದೇ ಬಾಗಿಲನ್ನು ಬಯಸುತ್ತವೆ, ಆದರೆ ಒಂದು ಬಾಗಿಲನ್ನು ಒಂದೇ ಯಂತ್ರಕ್ಕೆ ಕೊಡಲು ಸಾಧ್ಯ. ಅಕ್ಕನ ಮನೆಗೆ ಬಂದಿದ್ದ ಹುಡುಗನೊಬ್ಬ ವಿಡಿಯೊ ನೋಡಿಕೊಂಡು 3074ನ್ನು ಹಿರಿಯವನ ಕನ್ಸೋಲಿಗೆ ಪೋರ್ಟ್ ಫಾರ್ವರ್ಡ್ ಮಾಡಿಟ್ಟಿದ್ದ, ಅಂದರೆ ಆ ಬಾಗಿಲನ್ನು ಕಾಯಂ ಆಗಿ ಅದಕ್ಕೇ ಬರೆದುಕೊಟ್ಟಿದ್ದ. ಅಲ್ಲಿಗೆ ಆ ಕನ್ಸೋಲ್ ಓಪನ್ ನ್ಯಾಟ್ ತೋರಿಸಿತು, ಕಿರಿಯವನದು ಸ್ಟ್ರಿಕ್ಟ್ ಆಗಿ ಕುಳಿತಿತು. ಸ್ಟ್ರಿಕ್ಟ್ ಎಂದಾಗ ಎಲ್ಲ ಆಟಗಾರರ ಜೊತೆ ನೇರ ಸಂಪರ್ಕ ಆಗುವುದಿಲ್ಲ. ಪಾರ್ಟಿಯಲ್ಲಿ, ಅಂದರೆ ಗೆಳೆಯರ ಮಾತಿನ ಗುಂಪಿನಲ್ಲಿ, ದನಿ ಕೇಳದಿರುವುದಕ್ಕೆ ಇದೇ ಕಾರಣ.

ಸರಿಪಡಿಸುವ ಕ್ರಮ ಹೀಗಿದೆ, ಕ್ರಮ ತಪ್ಪಿದರೆ ಫಲ ಸಿಗುವುದಿಲ್ಲ. ಎರಡೂ ಕನ್ಸೋಲ್‌ಗಳನ್ನು ಪೂರ್ತಿ ಆರಿಸಿ. ಎಕ್ಸ್‌ಬಾಕ್ಸ್‌ನಲ್ಲಿ ಮುಂಭಾಗದ ಪವರ್ ಗುಂಡಿಯನ್ನು 10 ಸೆಕೆಂಡ್ ಒತ್ತಿ ಹಿಡಿಯಬೇಕು; ಸ್ಲೀಪ್ ಸ್ಥಿತಿ ಸಾಲದು, ಏಕೆಂದರೆ ಮಲಗಿರುವ ಕನ್ಸೋಲ್ ತಾನು ಹಿಂದೆ ಪಡೆದ ಬಾಗಿಲು ಇನ್ನೂ ತನ್ನದೇ ಎಂದು ನಂಬಿರುತ್ತದೆ. ಆಮೇಲೆ ರೂಟರಿನ ಪೋರ್ಟ್ ಫಾರ್ವರ್ಡಿಂಗ್ ಪುಟದಲ್ಲಿರುವ 3074ರ ಎಲ್ಲ ಹಳೆಯ ಸಾಲುಗಳನ್ನೂ ಅಳಿಸಿ, ಎಲ್ಲ ಬಾಗಿಲುಗಳನ್ನೂ ಒಂದೇ ಯಂತ್ರಕ್ಕೆ ತೆರೆದಿಡುವ ಡಿಎಂಜೆಡ್ ಚಾಲೂ ಇದ್ದರೆ ಆಫ್ ಮಾಡಿ. ಯುಪಿಎನ್‌ಪಿಯನ್ನು ಚಾಲೂ ಮಾಡಿ, ಉಳಿಸಿ, ರೂಟರನ್ನು ರೀಸ್ಟಾರ್ಟ್ ಮಾಡಿ. ಯಂತ್ರವೇ ರೂಟರನ್ನು ಕೇಳಿ ತನಗೆ ಬೇಕಾದ ಬಾಗಿಲು ತೆರೆಸಿಕೊಳ್ಳುವ ವ್ಯವಸ್ಥೆಯೇ ಯುಪಿಎನ್‌ಪಿ. ಅದೂ ಕೈಯಾರೆ ಮಾಡಿದ ಫಾರ್ವರ್ಡಿಂಗ್ ಕೂಡ ಒಂದೇ ಪೋರ್ಟಿಗೆ ಜೊತೆಯಾಗಿ ಇರಬಾರದು. ನಾನು ನೋಡಿದ ಕೆಟ್ಟ ಸೆಟ್ಟಿಂಗ್‌ಗಳಲ್ಲಿ ಹೆಚ್ಚಿನವು ಈ ಬೆರಕೆಯಿಂದ ಆದವು.

ರೂಟರ್ ಎದ್ದ ಮೇಲೆ ಒಂದು ಕನ್ಸೋಲನ್ನು ಮಾತ್ರ ಹಚ್ಚಿ, ನ್ಯಾಟ್ ಪರೀಕ್ಷೆ ಮಾಡಿ, ಓಪನ್ ಎಂದು ಬರುವವರೆಗೆ ಎರಡನೆಯದನ್ನು ಮುಟ್ಟಬೇಡಿ. ಅನಂತರ ಎರಡನೆಯ ಎಕ್ಸ್‌ಬಾಕ್ಸ್‌ನಲ್ಲಿ ಸೆಟ್ಟಿಂಗ್ಸ್, ಜನರಲ್, ನೆಟ್‌ವರ್ಕ್ ಸೆಟ್ಟಿಂಗ್ಸ್, ಅಡ್ವಾನ್ಸ್‌ಡ್ ಸೆಟ್ಟಿಂಗ್ಸ್ ದಾರಿಯಲ್ಲಿ ಹೋಗಿ ಆಲ್ಟರ್ನೇಟ್ ಪೋರ್ಟ್ ಸೆಲೆಕ್ಷನ್ ಎಂಬುದನ್ನು ತೆರೆಯಿರಿ. ಆಟೊಮ್ಯಾಟಿಕ್ ಇದ್ದಲ್ಲಿ ಮ್ಯಾನ್ಯುಯಲ್ ಮಾಡಿ, ಪಟ್ಟಿಯಲ್ಲಿರುವ ಯಾವುದಾದರೂ ಒಂದು ಸಂಖ್ಯೆಯನ್ನು ಆರಿಸಿ. ಈ ಒಂದು ಆಯ್ಕೆಯಿಂದ ಎರಡು ಕನ್ಸೋಲ್‌ಗಳು ಎರಡು ಬೇರೆ ಬಾಗಿಲು ಹಿಡಿಯುತ್ತವೆ. ರೂಟರಿನ ಯುಪಿಎನ್‌ಪಿ ಪಟ್ಟಿಯನ್ನು ತೆರೆದರೆ .50ರ ಮುಂದೆ ಒಂದು ಪೋರ್ಟ್, .51ರ ಮುಂದೆ ಇನ್ನೊಂದು ಕಾಣಬೇಕು. ಅಕ್ಕನ ಮನೆಯಲ್ಲಿ ಆ ಎರಡು ಸಾಲು ಕಂಡ ಹತ್ತು ನಿಮಿಷಕ್ಕೆ ಹುಡುಗರಿಬ್ಬರೂ ಒಂದೇ ಪಂದ್ಯದಲ್ಲಿದ್ದರು.

ಪ್ಲೇಸ್ಟೇಷನ್ ಇರುವವರು ಸೆಟ್ಟಿಂಗ್ಸ್‌ನ ನೆಟ್‌ವರ್ಕ್ ಪರೀಕ್ಷೆಯಲ್ಲಿ ನ್ಯಾಟ್ ಟೈಪ್ 2 ಬಂದರೆ ಅಲ್ಲಿಗೆ ನಿಲ್ಲಿಸಿ. ಟೈಪ್ 1 ಎಂದರೆ ನಡುವೆ ರೂಟರಿನ ತಡೆಯೇ ಇಲ್ಲ ಎಂದರ್ಥ. ಅದಕ್ಕಾಗಿ ಒಂದು ಕನ್ಸೋಲನ್ನು ಡಿಎಂಜೆಡ್‌ಗೆ ಹಾಕುವವರಿದ್ದಾರೆ, ಇದರಿಂದ ಇನ್ನೊಂದು ಕನ್ಸೋಲಿಗೆ ತೊಂದರೆ ತಪ್ಪಿದ್ದಲ್ಲ. ಟೈಪ್ 3 ಬಂದರೆ ಮಾತ್ರ ಮೇಲಿನ ಕ್ರಮವನ್ನು ಮೊದಲಿನಿಂದ ಮಾಡಿ. ಕನ್ಸೋಲ್‌ಗಳನ್ನು ಗೆಸ್ಟ್ ವೈಫೈಗೆ ಸೇರಿಸಬೇಡಿ, ಅಲ್ಲಿ ಯಂತ್ರಗಳು ಒಂದನ್ನೊಂದು ಕಾಣದಂತೆ ತಡೆ ಇರುವುದರಿಂದ ಒಂದೇ ಮನೆಯ ಇಬ್ಬರು ಒಂದೇ ಪಂದ್ಯಕ್ಕೆ ಸೇರುವುದು ಕಷ್ಟ. ಯುಪಿಎನ್‌ಪಿ ಚಾಲೂ ಇರುವಾಗ ಮನೆಯೊಳಗಿನ ಯಾವ ಸಾಧನ ಬೇಕಾದರೂ ಬಾಗಿಲು ತೆರೆಸಬಹುದು ಎಂಬುದು ನಿಜವಾದ ಅಪಾಯ. ಹೆಸರು ಕೇಳದ ಅಗ್ಗದ ಕ್ಯಾಮೆರಾ, ಸ್ಮಾರ್ಟ್ ಬಲ್ಬುಗಳನ್ನೇ ಆ ಗೆಸ್ಟ್ ವೈಫೈಗೆ ಕಳಿಸಿ.

ವೇಗದ ಮಾತು ಬರುವುದು ಡೌನ್‌ಲೋಡ್ ವೇಳೆಯಲ್ಲಿ. 90 ಜಿಬಿಯ ಒಂದು ಆಟ 100 ಎಂಬಿಪಿಎಸ್ ಸಂಪರ್ಕವನ್ನು ಪೂರ್ತಿ 2 ಗಂಟೆ ಹಿಡಿದಿಡುತ್ತದೆ, ಆ ಹೊತ್ತಿನಲ್ಲಿ ಇನ್ನೊಂದು ಕನ್ಸೋಲಿನ ಸಣ್ಣ ಸಂದೇಶಗಳು ರೂಟರಿನ ಸರದಿಯಲ್ಲಿ ನಿಂತು ತಡವಾಗುತ್ತವೆ. ರೂಟರಿನಲ್ಲಿ ಈ ಸರದಿಯನ್ನು ನಿಯಂತ್ರಿಸುವ ಕ್ಯೂಓಎಸ್ ಇದ್ದರೆ ನಿಮ್ಮ ಅಳೆದ ವೇಗದ ಶೇ 85ರಿಂದ 90ರಷ್ಟನ್ನು ಮಿತಿಯಾಗಿ ಕೊಡಿ, ಅಪ್‌ಲೋಡಿಗೂ ಕೊಡಿ. ಕ್ಯೂಓಎಸ್ ಇಲ್ಲದಿದ್ದರೆ ಅಪ್‌ಡೇಟ್‌ಗಳನ್ನು ರಾತ್ರಿಗೆ ಬಿಡುವುದು ನಂಬಿಕೆಯ ಉಪಾಯ.

ಕೊನೆಯದಾಗಿ ಕರೆಂಟ್ ಹೋಗುವ ವಿಷಯ. ಟಿವಿ ಮತ್ತು ಕನ್ಸೋಲ್ ಇನ್ವರ್ಟರ್ ಮೇಲಿದ್ದು ರೂಟರ್ ಮಾತ್ರ ನೇರ ಲೈನಿನಲ್ಲಿದ್ದರೆ, ರೂಟರ್ ಆರಿ ಹೊತ್ತುವಷ್ಟರಲ್ಲಿ ತೆರೆದಿದ್ದ ಬಾಗಿಲುಗಳ ಪಟ್ಟಿ ಅಳಿಸಿಹೋಗುತ್ತದೆ, ಕನ್ಸೋಲಿಗೆ ಅದು ಗೊತ್ತಾಗುವುದಿಲ್ಲ. ಓಎನ್‌ಟಿ ಮತ್ತು ರೂಟರ್ ಎರಡಕ್ಕೂ ಸೇರಿಸಿ ಒಂದು ಚಿಕ್ಕ ಡಿಸಿ ಯುಪಿಎಸ್ ಹಾಕಿಸಿ, ಕೊಳ್ಳುವ ಮುನ್ನ ಎರಡೂ ಅಡಾಪ್ಟರ್‌ಗಳ ಮೇಲಿನ ವೋಲ್ಟ್ ಮತ್ತು ಆಂಪಿಯರ್ ಅಂಕಿಗಳನ್ನು ಬರೆದುಕೊಂಡು ಹೋಗಿ. ಅದಿಲ್ಲದ ಮನೆಯಲ್ಲಿ ಕರೆಂಟ್ ಬಂದ ಮೇಲೆ ಮೊದಲು ಓಎನ್‌ಟಿ, ಅದರ ದೀಪ ಹಸಿರಾದ ಮೇಲೆ ರೂಟರ್, ಆಮೇಲೆ ಮೊದಲ ಕನ್ಸೋಲ್, ಒಂದು ನಿಮಿಷ ಬಿಟ್ಟು ಎರಡನೆಯದು.