ಗಾಜು, ಖನಿಜಗಳಿಗೆ ಲೇಸರ್ ಐಸಿಪಿ-ಎಂಎಸ್: ನಾನು ಅಳೆಯುವ ಬಗೆ

ಸಿಲಿಕೇಟ್ ಗಾಜು, ಖನಿಜಗಳಲ್ಲಿನ ಪಿಪಿಎಂ (ಹತ್ತು ಲಕ್ಷದಲ್ಲೊಂದು ಭಾಗ) ಮಟ್ಟದ ಧಾತುಗಳನ್ನು ಅಳೆಯಲು ನಾನು ಬಳಸುವುದು 193 ನ್ಯಾನೋಮೀಟರ್ ಎಕ್ಸೈಮರ್ ಲೇಸರ್ ಮತ್ತು ಕ್ವಾಡ್ರುಪೋಲ್ ಐಸಿಪಿ-ಎಂಎಸ್. ಲೇಸರ್ ಮೇಲ್ಮೈಯಿಂದ ಸಣ್ಣ ಪುಡಿ ಎಬ್ಬಿಸುತ್ತದೆ; ಐಸಿಪಿ-ಎಂಎಸ್ ಆ ಪುಡಿಯನ್ನು ಬಿಸಿ ಪ್ಲಾಸ್ಮಾದಲ್ಲಿ ಅಯಾನುಗಳಾಗಿಸಿ ದ್ರವ್ಯರಾಶಿಯ ಪ್ರಕಾರ ಎಣಿಸುತ್ತದೆ. ಆಮ್ಲದಲ್ಲಿ ಕರಗಿಸುವ ಗೋಜು ಇಲ್ಲ. ಆ ಗೋಜೆಲ್ಲ ಲೆಕ್ಕದಲ್ಲಿ ಬಂದು ಕೂರುತ್ತದೆ, ಅಷ್ಟೇ.

ಚೂರನ್ನು ಎಪಾಕ್ಸಿಯಲ್ಲಿ ಕೂರಿಸಿ, 1 ಮೈಕ್ರಾನ್ ಡೈಮಂಡ್ ಪೇಸ್ಟ್‌ವರೆಗೆ ಪಾಲಿಶ್ ಮಾಡಿ, ಎಥನಾಲ್‌ನಲ್ಲಿ ಅಲ್ಟ್ರಾಸೋನಿಕ್ ಮಾಡುತ್ತೇನೆ. ಇಷ್ಟಾದರೂ ಮೇಲ್ಮೈಯಲ್ಲಿ ಸೀಸ, ಸತುವಿನ ಕೊಳೆ ಉಳಿದಿರುತ್ತದೆ. ಹಾಗಾಗಿ 50 ಮೈಕ್ರಾನ್ ಸ್ಪಾಟ್ ಹೊಡೆಯುವ ಜಾಗದಲ್ಲಿ ಮೊದಲು 65 ಮೈಕ್ರಾನ್‌ನ ನಾಲ್ಕೈದು ಪಲ್ಸ್ ಹೊಡೆದು ಸ್ವಚ್ಛ ಮಾಡಿಕೊಳ್ಳುತ್ತೇನೆ.

ಚೂರನ್ನಿಟ್ಟು ಲೇಸರ್ ಹೊಡೆಯುವ ಸೆಲ್‌ನಲ್ಲಿ ಪುಡಿಯನ್ನು ಹೊತ್ತೊಯ್ಯುವ ಹೀಲಿಯಂ ನಿಮಿಷಕ್ಕೆ 0.7 ಲೀಟರ್, ಸೆಲ್ ದಾಟಿದ ಮೇಲೆ ಆರ್ಗಾನ್ ಸುಮಾರು 0.9 ಲೀಟರ್ ಸೇರುತ್ತದೆ. ಟ್ಯೂನಿಂಗ್ ನಿಸ್ಟ್ 612 ಗಾಜಿನ (ಧಾತುಗಳ ಪ್ರಮಾಣ ಮೊದಲೇ ಗೊತ್ತಿರುವ ಪ್ರಮಾಣಿತ ಗಾಜು) ಮೇಲೆ ಲೇಸರ್‌ನಿಂದ ಗೆರೆ ಎಳೆಯುತ್ತಾ. ಪ್ಲಾಸ್ಮಾದಲ್ಲಿ ಆಕ್ಸೈಡ್ ಎಷ್ಟು ಉಳಿದಿದೆ ಎಂದು ತೋರಿಸುವ ಥೋರಿಯಂ ಆಕ್ಸೈಡ್-ಥೋರಿಯಂ ಅನುಪಾತ 0.5 ಶೇಕಡಕ್ಕಿಂತ ಕೆಳಗಿರಬೇಕು. ಯುರೇನಿಯಂ-ಥೋರಿಯಂ ಸಿಗ್ನಲ್ ಅನುಪಾತ 1ರ ಆಸುಪಾಸಿನಲ್ಲಿರಬೇಕು, ಏಕೆಂದರೆ ಆ ಗಾಜಿನಲ್ಲಿ ಎರಡೂ ಹೆಚ್ಚುಕಡಿಮೆ ಸಮ. ಅದು 1.2ಕ್ಕೆ ಏರಿದರೆ ದಪ್ಪ ಕಣಗಳು ಪ್ಲಾಸ್ಮಾದಲ್ಲಿ ಪೂರ್ತಿ ಆವಿಯಾಗುತ್ತಿಲ್ಲ ಎಂದರ್ಥ. ಆಗ ಆರ್ಗಾನ್ ಸ್ವಲ್ಪ ಇಳಿಸುತ್ತೇನೆ. ಸಿಗ್ನಲ್ ಕಡಿಮೆಯಾದರೂ ಪರವಾಗಿಲ್ಲ.

ಪ್ರತಿ ಸ್ಪಾಟ್‌ಗೆ 30 ಸೆಕೆಂಡ್ ಲೇಸರ್ ಇಲ್ಲದ ಬ್ಯಾಕ್‌ಗ್ರೌಂಡ್, 40 ಸೆಕೆಂಡ್ ಹೊಡೆತ, ಉಳಿದ ಪುಡಿ ಹೊರಹೋಗಲು 40 ಸೆಕೆಂಡ್ ವಾಶ್‌ಔಟ್. 5 ಹರ್ಟ್ಜ್, ಚದರ ಸೆಂಟಿಮೀಟರಿಗೆ 4 ಜೂಲ್. ಪಲ್ಸ್‌ಗೆ ಸುಮಾರು 0.1 ಮೈಕ್ರಾನ್ ಎಂದರೆ 200 ಪಲ್ಸ್‌ಗೆ 20 ಮೈಕ್ರಾನ್ ಆಳ. ಗುಂಡಿ ಅಗಲಕ್ಕಿಂತ ಆಳವಾದರೆ ಸೀಸ, ಸತುವಿನಂಥ ಬೇಗ ಆವಿಯಾಗುವ ಧಾತುಗಳ ಅನುಪಾತ ಹೊಡೆತದ ನಡುವೆಯೇ ಸರಿಯತೊಡಗುತ್ತದೆ.

ಕ್ಯಾಲ್ಸಿಯಂಗೆ ದ್ರವ್ಯರಾಶಿ 43 ಆರಿಸುತ್ತೇನೆ. 40ರ ಮೇಲೆ ಆರ್ಗಾನೇ ಕೂತಿರುತ್ತದೆ. ಕಬ್ಬಿಣಕ್ಕೆ 57, ಏಕೆಂದರೆ 56ರಲ್ಲಿ ಆರ್ಗಾನ್ ಆಕ್ಸೈಡ್ ಇದೆ. ಸ್ಕ್ಯಾಂಡಿಯಂ 45ಕ್ಕೆ ಬೇರೆ ದಾರಿಯಿಲ್ಲ, ಅದಿರುವುದೇ ಅದೊಂದು ಐಸೋಟೋಪ್. ಸಿಲಿಕಾನ್ ಆಕ್ಸೈಡ್ ಅಲ್ಲಿ ಬಂದು ಸೇರುವುದರಿಂದ ಸಣ್ಣ ಸ್ಕ್ಯಾಂಡಿಯಂ ಮೌಲ್ಯಗಳನ್ನು ನಾನು ಅಷ್ಟಾಗಿ ನಂಬುವುದಿಲ್ಲ.

ಇನ್ನು ಲೆಕ್ಕ. ಪ್ರತಿ ಸ್ಪಾಟ್‌ನಲ್ಲಿ ಎಷ್ಟು ಪುಡಿ ಎದ್ದಿತೆಂದು ಗೊತ್ತಿಲ್ಲ, ಹಾಗಾಗಿ ಪ್ರತಿ ಧಾತುವಿನ ಸಿಗ್ನಲನ್ನು ಪ್ರಮಾಣ ಗೊತ್ತಿರುವ ಸಿಲಿಕಾನ್‌ನ ಸಿಗ್ನಲ್‌ಗೆ ಹೋಲಿಸುತ್ತೇನೆ. 612ರಲ್ಲಿ ಸ್ಟ್ರಾನ್ಷಿಯಂ 78.4 ಪಿಪಿಎಂ, ಸಿಲಿಕಾ ಸುಮಾರು 72 ಶೇಕಡ. ಬ್ಯಾಕ್‌ಗ್ರೌಂಡ್ ಕಳೆದ ಮೇಲೆ ಅಲ್ಲಿ ಸ್ಟ್ರಾನ್ಷಿಯಂ-ಸಿಲಿಕಾನ್ 29 ಅನುಪಾತ 0.8, ಸ್ಯಾಂಪಲ್‌ನಲ್ಲಿ 2.0 ಬಂತು ಎನ್ನೋಣ. ಸ್ಯಾಂಪಲ್‌ನ ಸಿಲಿಕಾ 50 ಶೇಕಡ ಆದರೆ 78.4 × (2.0/0.8) × (50/72) = 136 ಪಿಪಿಎಂ. ಅದೇ ಸಿಲಿಕಾವನ್ನು 55 ಎಂದು ಹಾಕಿದರೆ ಉತ್ತರ 150. ಯಂತ್ರ ಎಷ್ಟೇ ಚೆನ್ನಾಗಿ ಎಣಿಸಿದರೂ ಆ 10 ಶೇಕಡ ತಪ್ಪು ಎಲ್ಲ ಧಾತುಗಳಿಗೂ ಒಂದೇ ಸಮ ಅಂಟುತ್ತದೆ, ಗ್ರಾಫ್‌ನಲ್ಲಿ ಕಾಣುವುದೂ ಇಲ್ಲ. ಅದಕ್ಕೇ ಸಿಲಿಕಾ ಮೌಲ್ಯವನ್ನು ಅದೇ ಜಾಗದ ಎಲೆಕ್ಟ್ರಾನ್ ಮೈಕ್ರೋಪ್ರೋಬ್ (ಎಲೆಕ್ಟ್ರಾನ್ ಕಿರಣದಿಂದ ಮುಖ್ಯ ಧಾತುಗಳನ್ನು ಅಳೆಯುವ ಯಂತ್ರ) ಅಳತೆಯಿಂದ ತರುತ್ತೇನೆ. ಪುಸ್ತಕದ ಸರಾಸರಿ ಬೇಡ.

ಪ್ರತಿ 10-12 ಸ್ಪಾಟ್‌ಗೊಮ್ಮೆ 612 ಎರಡು ಬಾರಿ, ಜೊತೆಗೆ ಇನ್ನೊಂದು ಪ್ರಮಾಣಿತ ಗಾಜಾದ ಬಿಸಿಆರ್-2ಜಿಯನ್ನು ಅಪರಿಚಿತ ಸ್ಯಾಂಪಲ್ ಎಂಬಂತೆ ಒಮ್ಮೆ. ಡ್ರಿಫ್ಟ್ (ಹೊತ್ತು ಕಳೆದಂತೆ ಯಂತ್ರದ ಸಿಗ್ನಲ್ ಸರಿಯುವುದು) ಮೊದಲನೆಯದರಲ್ಲಿ, ಮಾಪನಾಂಕದ ತಪ್ಪು ಎರಡನೆಯದರಲ್ಲಿ ಸಿಗುತ್ತದೆ. ಸಲ್ಫೈಡ್, ಲೋಹಗಳಿಗೆ 612 ಹೊಂದುವುದಿಲ್ಲ. ಅವು ಲೇಸರ್‌ಗೆ ಗಾಜಿನಂತೆ ಒಡೆಯುವುದಿಲ್ಲ.

ಸಮಯದ ಗ್ರಾಫನ್ನು ಒಂದೊಂದೇ ನೋಡದೆ ಸರಾಸರಿ ತೆಗೆಯುವುದಿಲ್ಲ. ಜಿರ್ಕೋನಿಯಂ, ಹಾಫ್ನಿಯಂ, ಯುರೇನಿಯಂ ಮೂರೂ ಒಟ್ಟಿಗೆ ನೆಗೆದರೆ ಲೇಸರ್ ಜಿರ್ಕಾನ್ ಕಣಕ್ಕೆ ತಗುಲಿದೆ: ಆ ಭಾಗ ಕತ್ತರಿಸುತ್ತೇನೆ. ಒಂದೇ ಧಾತು, ಒಂದೇ ಬಿಂದುವಿನಲ್ಲಿ ನೆಗೆದರೆ ಪೈಪಿನ ಗೋಡೆಯಿಂದ ಉದುರಿದ ಧೂಳಿರಬಹುದು. ಅಂಥದ್ದು ಪದೇ ಪದೇ ಬಂದರೆ ಸೆಲ್‌ನಿಂದ ಪ್ಲಾಸ್ಮಾ ಉರಿಯುವ ಟಾರ್ಚ್‌ವರೆಗಿನ ಪೈಪ್ ಬದಲಿಸುತ್ತೇನೆ.